ಗುಬ್ಬಿಯಲ್ಲಿ ಹಾರಿದ ಕ್ರಿಸ್‌ಮಸ್ ತಾತ

ಮೊನ್ನೆ ರಸ್ಕು ತರಲು ಹೋಗಿ ರಸ್ಕಿಲ್ಲದೆ ಬಂದೆ. ನಮ್ಮ ಬೀದಿಯ ಬೇಕರಿಯವನು ಗಾಜಿನ ಪೆಟ್ಟಿಗೆಯ ಮೇಲೆ ಒಂದು ಗೊಂಬೆ ನಿಲ್ಲಿಸಿದ್ದಾನೆ. ಕೆಂಪು ಅಂಗಿ, ಕೆಂಪು ಟೋಪಿ, ಹತ್ತಿಯ ಗಡ್ಡ, ಬೆನ್ನಿನಲ್ಲಿ ಎರಡು ಸೆಲ್ಲು. ಮುಂದೆ ಯಾರಾದರೂ ಹಾದರೆ ಸಾಕು, ಸೊಂಟ ಕುಣಿಸುತ್ತ ಇಂಗ್ಲಿಷಿನಲ್ಲಿ ಹಾಡತೊಡಗುತ್ತದೆ. ಉಳಿದ ಗಿರಾಕಿಗಳು ನಕ್ಕರು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಆಮೇಲೆ ಇನ್ನೆರಡು ಸರಿದೆ. ಹಾಗೆ ಸರಿಯುತ್ತ ಸರಿಯುತ್ತ ಮನೆಗೇ ಬಂದುಬಿಟ್ಟೆ. ಹೆಂಡತಿ ಬರಿಗೈ ನೋಡಿ ಹುಬ್ಬೇರಿಸಿದಳು. "ತಾತ ಹಾಡ್ತಾ ಇದಾನೆ" ಎಂದೆ. ಅವಳಿಗೆ ಅಷ್ಟು ಸಾಕಾಯಿತು. ಒಳಗೆ ಹೋಗಿ ಅವಲಕ್ಕಿ ಒಗ್ಗರಣೆ ಹಾಕಿದಳು.

ನಿಮಗೆ ಅಷ್ಟು ಸಾಲದು ಎಂದು ಬಲ್ಲೆ. ಕೂತುಕೊಳ್ಳಿ, ಹೇಳುತ್ತೇನೆ. ಆದರೆ ಹೇಳುವ ಮೊದಲು ನನ್ನ ಬಾಲ್ಯದ ಒಂದು ನಂಬಿಕೆಯನ್ನು ನಿಮ್ಮ ಮುಂದಿಡಬೇಕು. ಅದಿಲ್ಲದಿದ್ದರೆ ನಾನು ಬರೀ ಪೆದ್ದನಂತೆ ಕಾಣುತ್ತೇನೆ. ಅದಿದ್ದರೆ ಸಂಪ್ರದಾಯಸ್ಥ ಪೆದ್ದನಂತೆ ಕಾಣುತ್ತೇನೆ.

ನಾನು ಬೆಳೆದದ್ದು ಗೂಳೂರಿನಲ್ಲಿ. ನಮ್ಮಜ್ಜಿ ಕಾಲಿಗೆ ಕಾಗದ ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕನ್ನಡದ ಕಾಗದವಾದರೆ ಒಂದು ಸಲ, ಇಂಗ್ಲಿಷಿನದಾದರೆ ಮೂರು ಸಲ. ಒಮ್ಮೆ ಮಡಚಿದ ಇಂಗ್ಲಿಷ್ ಚೀಟಿಯೊಂದು ದೇವರ ಗೂಡಿನಲ್ಲಿ ಗಂಧದ ಬಟ್ಟಲಿನ ಪಕ್ಕ ವರ್ಷಗಟ್ಟಲೆ ಕೂತಿತ್ತು. ನಾನು ಹೈಸ್ಕೂಲಿಗೆ ಹೋದ ಮೇಲೆ ಬಿಡಿಸಿ ಓದಿದರೆ ಅದು ಇಲಿಪಾಷಾಣದ ಡಬ್ಬಿಯೊಳಗಿನ ಸೂಚನೆ. ಅಜ್ಜಿಗೆ ಹೇಳಿದೆ. "ಇದ್ದರೆ ಇರಲಿ ಬುಡೋ, ಒಳ್ಳೆ ಮಾತೇ ಬರೆದಿರ್ತಾರೆ" ಎಂದರು. ನಾನು ಇದೇ ಗಾಳಿಯಲ್ಲಿ ಬೆಳೆದವನು. ಕನ್ನಡದಲ್ಲಿ ಬೈಗುಳವಿದೆ ಎಂದು ಗೊತ್ತಿತ್ತು, ದಿನವೂ ತಿನ್ನುತ್ತಿದ್ದೆ. ಪಕ್ಕದ ಬೀದಿಯಲ್ಲಿ ಉರ್ದುವಿನಲ್ಲೂ ಉತ್ಕೃಷ್ಟ ಬೈಗುಳಗಳಿವೆ ಎಂದು ಗೋಲಿಯಾಟದಲ್ಲಿ ತಿಳಿಯಿತು. ಇಂಗ್ಲಿಷಿನಲ್ಲಿ ಮಾತ್ರ ಮನುಷ್ಯರು ಬೈಯುವುದೂ ಇಲ್ಲ, ಸೀನುವುದೂ ಇಲ್ಲ, ಇನ್ನು ಮಿಕ್ಕಿದ್ದನ್ನಂತೂ ಮಾಡುವುದೇ ಇಲ್ಲ ಎಂದು ನಂಬಿಕೊಂಡಿದ್ದೆ. ನಲವತ್ತೆಂಟನೆಯ ವಯಸ್ಸಿನವರೆಗೂ ಆ ನಂಬಿಕೆಗೆ ಧಕ್ಕೆ ಬಂದಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಗುಬ್ಬಿಯ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಕನ್ನಡ ಪಂಡಿತ. ತುಮಕೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಪಂಡಿತನೆಂದರೆ ಮದುವೆ ಮನೆಯಲ್ಲಿ ಸೋದರಮಾವನ ಭಾವಮೈದ ಇದ್ದ ಹಾಗೆ. ಗೌರವಕ್ಕೆ ಕೊರತೆಯಿಲ್ಲ, ಕೆಲಸವೂ ಇಲ್ಲ. ಆದ್ದರಿಂದ ನನ್ನನ್ನು ಸಾಂಸ್ಕೃತಿಕ ಸಮಿತಿಯ ಮುಖ್ಯಸ್ಥನನ್ನಾಗಿ ಮಾಡಿದ್ದರು. ಶಾಲೆಯ ಕನ್ನಡ ಪತ್ರಗಳೆಲ್ಲ ನನ್ನ ಕೈಯಿಂದಲೇ ಹೊರಡುತ್ತಿದ್ದವು.

ಶಾಲೆಯ ಕಾರ್ಯದರ್ಶಿಗಳು ಶಿವಲಿಂಗಪ್ಪನವರು. ಕೊಬ್ಬರಿ ಮಂಡಿಯ ಯಜಮಾನರು, ಹಣೆ ತುಂಬ ವಿಭೂತಿ, ಇಂಗ್ಲಿಷ್ ಒಂದಕ್ಷರ ಬಾರದು, ಇಂಗ್ಲಿಷೆಂದರೆ ಪ್ರಾಣ. ಆ ವರ್ಷ ಅವರ ತಲೆಗೆ ಒಂದು ಯೋಚನೆ ಬಂತು. ಡಿಸೆಂಬರಿನಲ್ಲಿ ನಡೆಯುವ ಸ್ಕೂಲ್ ಡೇಗೆ ತುಮಕೂರಿನ ಕಾನ್ವೆಂಟಿನ ಸಿಸ್ಟರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆಯುವುದು, ಅವರ ಮುಂದೆ ನಮ್ಮ ಮಕ್ಕಳಿಂದ ಕ್ರಿಸ್‌ಮಸ್ ಹಾಡು ಹಾಡಿಸುವುದು, ಅವರು ಮೆಚ್ಚುವುದು, ಜೂನ್ ತಿಂಗಳ ಅಡ್ಮಿಷನ್ನಿಗೆ ಚೇಳೂರಿನಿಂದೆಲ್ಲ ಜನ ಮುಗಿಬೀಳುವುದು.

ಹಾಡು ಕಲಿಸುವ ಹೊಣೆ ನಸೀಮಾ ಮಿಸ್ ಮೇಲೆ ಬಿತ್ತು. ಅವರು ಕುಣಿಗಲ್ಲಿನವರು, ಟೈಲರೊಬ್ಬರ ಮಗಳು. ಗುಬ್ಬಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಮೂರನೇ ತರಗತಿಗೆ ಗಣಿತ ಹೇಳುತ್ತಿದ್ದರು. ನಮ್ಮಲ್ಲಿ ಟೆಂಪರರಿ ಮೇಡಂಗಳನ್ನು ಏಪ್ರಿಲ್‌ನಲ್ಲಿ ಕೆಲಸದಿಂದ ಬಿಡಿಸಿ ಜೂನ್‌ನಲ್ಲಿ ಮತ್ತೆ ಸೇರಿಸಿಕೊಳ್ಳುವ ಪದ್ಧತಿಯಿತ್ತು. ಬೇಸಿಗೆ ರಜೆಯ ಸಂಬಳ ಉಳಿಯಲಿ ಎಂದು. ನಸೀಮಾ ಮಿಸ್ ಹೀಗೆ ವರ್ಷ ವರ್ಷ ಬಿಟ್ಟು ಸೇರಿ, ಬಿಟ್ಟು ಸೇರಿ ಸಾಕಾಗಿದ್ದರು. ಈ ಸಲ ಕಾರ್ಯದರ್ಶಿಗಳು ಮಾತು ಕೊಟ್ಟಿದ್ದರು. ಪ್ರೋಗ್ರಾಂ ಚೆನ್ನಾಗಿ ಆದರೆ ಪರ್ಮನೆಂಟ್. ಇಲ್ಲದಿದ್ದರೆ ಮುಂದಿನ ಜೂನ್‌ನಲ್ಲಿ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಹಾಡು ತರುವ ಹೊಣೆ ನನ್ನದು. ತುಮಕೂರು ಬಸ್‌ಸ್ಟ್ಯಾಂಡಿನ ಹಿಂದೆ ಪ್ಯಾರು ಎಂಬವನ ಕ್ಯಾಸೆಟ್ ಅಂಗಡಿ. ಅವನ ನೆಂಟರು ಗಲ್ಫ್‌ನಿಂದ ಬರುವಾಗ ಖರ್ಜೂರದ ಜೊತೆಗೆ ಒಂದು ಚೀಲ ಸಿ.ಡಿ. ತರುತ್ತಿದ್ದರು. ಬೇಕಾದ್ದನ್ನು ಆರಿಸಿ ಹೇಳಿದರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದ. ಕ್ರಿಸ್‌ಮಸ್ ಹಾಡು ಎಂದೆ. ಮೂರು ಸಿ.ಡಿ. ಮುಂದಿಟ್ಟ. ಎರಡರ ಮೇಲೆ ಮೇಣದಬತ್ತಿ. ಮೂರನೆಯದರ ಮೇಲೆ ಮುದ್ದಾದ ಕಾರ್ಟೂನು: ದುಂಡು ಮುಖದ ಮಕ್ಕಳು, ಹಿಮ, ಆಕಾಶದಲ್ಲಿ ಗಾಡಿ, ಗಾಡಿಯಲ್ಲಿ ತಾತ. ಕೆಳಗಡೆ ಮೂಲೆಯಲ್ಲಿ ಕಪ್ಪು ಬಿಳುಪಿನ ಒಂದು ಚೌಕ ಮುದ್ರೆ, ಅದರೊಳಗೆ ಓದುವ ಗೋಜಿಗೆ ಹೋಗದಷ್ಟು ಸಣ್ಣ ಅಕ್ಷರ. ಇದೇನೋ ಟಿವಿಯಲ್ಲಿ ಬಂದ ಕಾರ್ಟೂನಿನ ಹಬ್ಬದ ವಿಶೇಷ, ಅದರ ಹಾಡುಗಳೇ ಇವು ಎಂದು ಪ್ಯಾರು ಹೇಳಿದ. ಕಾರ್ಟೂನೆಂದರೆ ಮಕ್ಕಳದು, ಮುದ್ರೆಯೆಂದರೆ ಸರ್ಕಾರದ್ದು. ಕುಕ್ಕರಿನ ತಳದಲ್ಲಿ ಗುಣಮಟ್ಟದ ಗುರುತು ಒತ್ತಿರುತ್ತಾರಲ್ಲ, ಪರದೇಶದಲ್ಲಿ ಹಾಡಿಗೂ ಹಾಗೆ ಪರೀಕ್ಷೆ ಮಾಡಿ ಒತ್ತುತ್ತಾರೆಂದು ತಿಳಿದು ಅವರ ಶಿಸ್ತಿಗೆ ತಲೆದೂಗಿದೆ. ಮೇಣದಬತ್ತಿಯವಕ್ಕೆ ಮುದ್ರೆಯಿರಲಿಲ್ಲ. ಅವನ್ನು ಪಕ್ಕಕ್ಕೆ ತಳ್ಳಿದೆ.

ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಹಾಡು ಕಲಿಸುವ ಕ್ರಮ ಬಹಳ ಶಾಸ್ತ್ರೋಕ್ತವಾದದ್ದು. ಟೇಪ್‌ರೆಕಾರ್ಡರಿನ ಗುಂಡಿ ಒತ್ತುವುದು, ಅರ್ಧ ಸಾಲು ಕೇಳುವುದು, ನಿಲ್ಲಿಸುವುದು, ಕೇಳಿದ್ದನ್ನು ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು. ಮಕ್ಕಳು ಆ ಕನ್ನಡವನ್ನು ಬಾಯಿಪಾಠ ಮಾಡಿ ಇಂಗ್ಲಿಷಾಗಿ ಒಪ್ಪಿಸುತ್ತಿದ್ದರು. ಅರ್ಥದ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಮಂತ್ರಕ್ಕೆ ಅರ್ಥ ಕೇಳುತ್ತೇವೆಯೇ? ನಸೀಮಾ ಮಿಸ್ ಈ ವಿದ್ಯೆಯಲ್ಲಿ ನಿಸ್ಸೀಮರು. ಟೇಪಿನ ಸುರುಳಿ ಸಡಿಲಾದರೆ ಪೆನ್ಸಿಲ್ಲು ತೂರಿಸಿ ತಿರುಗಿಸಿ, ಒಂದು ಸಾಲನ್ನು ನಲವತ್ತು ಸಲ ಕೇಳಿಯಾದರೂ ಸರಿ, ಒಂದು ಒತ್ತಕ್ಷರವನ್ನೂ ಬಿಡದೆ ಇಳಿಸುತ್ತಿದ್ದರು.

ಆದರೆ ಅವರಿಗೆ ಒಂದು ಕೆಟ್ಟ ಚಾಳಿಯಿತ್ತು: ಕಥೆ ಗೊತ್ತಿಲ್ಲದೆ ಕುಣಿತ ಕಟ್ಟಲಾರರು. ನನ್ನ ಬಳಿ ಬಂದು ಈ ಹಾಡಿನಲ್ಲಿ ಏನು ನಡೆಯುತ್ತದೆ, ನಡುನಡುವೆ ಬರುವ ಆ ದಪ್ಪ ಸದ್ದು ಏನು ಎಂದು ಕೇಳಿದರು. ಸ್ಟಾಫ್ ರೂಮಿನಲ್ಲಿ ಕಾರ್ಯದರ್ಶಿಗಳೂ ಇದ್ದರು. ನನಗೆ ಗೊತ್ತಿಲ್ಲ ಎಂದು ಹೇಳಬಹುದಾಗಿತ್ತು. ಆ ವಾಕ್ಯ ಕನ್ನಡದಲ್ಲಿ ಇದೆ, ಎರಡೇ ಪದ, ವ್ಯಾಕರಣವೂ ಸುಲಭ. ಆದರೆ ಪಂಡಿತನಾದವನು ಅದನ್ನು ಅಭ್ಯಾಸ ಮಾಡಿರುವುದಿಲ್ಲ. ಕಣ್ಣು ಮುಚ್ಚಿ ಟೇಪು ಕೇಳಿದೆ. ಜಿಂಕೆ ಎಂಬ ಪದ ಸಿಕ್ಕಿತು, ಆಕಾಶ ಸಿಕ್ಕಿತು. ಮಿಕ್ಕದ್ದನ್ನು ಪ್ರತಿಭೆಯಿಂದ ತುಂಬಿದೆ. ತಾತನ ಗಾಡಿ ಎಳೆಯುವ ಜಿಂಕೆಗಳು ದಣಿದು ನಿಂತವು. ತಾತ ವಾಯುದೇವನನ್ನು ಪ್ರಾರ್ಥಿಸಿದ. ಉತ್ತರದ ಗಾಳಿ ಬಂದು ಗಾಡಿಯನ್ನು ಎತ್ತಿ ಹಾರಿಸಿತು. ಆ ಸದ್ದು ಪಾಶ್ಚಾತ್ಯರ ಕೊಂಬುವಾದ್ಯ; ಗಾಳಿಯನ್ನು ಕರೆಯುವಾಗ ಊದುತ್ತಾರೆ. ಕಾರ್ಯದರ್ಶಿಗಳ ಕಣ್ಣು ತೇವವಾಯಿತು. ಎಲ್ಲ ಧರ್ಮದಲ್ಲೂ ಒಂದೇ ಸತ್ಯ ಎಂದರು. ಆ ಉತ್ಸಾಹದಲ್ಲಿ ನಾನು ಟೇಪಿನ ಕೊಂಬು ಸಾಲದು, ನಿಜವಾದ ಕೊಂಬೇ ಇರಲಿ ಎಂದು ಬೆಳ್ಳಾವಿಯಿಂದ ಕೊಂಬು ಊದುವ ಹಿರಿಯರೊಬ್ಬರನ್ನು ಗೊತ್ತುಮಾಡಿದೆ.

ಸ್ಕೂಲ್ ಡೇಗೆ ಮೂರು ದಿನವಿರುವಾಗ ನಸೀಮಾ ಮಿಸ್ ಮತ್ತೆ ಬಂದರು. ಮುಖ ಕಳೆಗುಂದಿತ್ತು. ಈ ಹಾಡು ಬೇಡ, ಬದಲಿಗೆ ಯಾವುದಾದರೂ ಕನ್ನಡ ಹಾಡು ಮಾಡಿಸೋಣ, ಎರಡು ದಿನದಲ್ಲಿ ಕಲಿಸುತ್ತೇನೆ ಎಂದರು. ಕಾರಣ ಕೇಳಿದರೆ ಸೆರಗಿನ ಅಂಚು ತಿರುಚುತ್ತ ನಿಂತರು. ಸಭಾಕಂಪನವೆಂದು ತಿಳಿದು ಧೈರ್ಯದ ಮೇಲೆ ಒಂದು ಕಿರು ಉಪನ್ಯಾಸ ಕೊಟ್ಟು, ಆಹ್ವಾನ ಪತ್ರಿಕೆ ಅಚ್ಚಾಗಿದೆ ಎಂದು ತೋರಿಸಿ ಕಳಿಸಿದೆ.

ಆ ದಿನ ಸಂಜೆ ನಾಲ್ಕಕ್ಕೆ ಶಾಲೆಯ ಅಂಗಳ ತುಂಬಿತ್ತು. ಮೊದಲ ಸಾಲಿನಲ್ಲಿ ಸಿಸ್ಟರ್, ಅವರ ಎಡಕ್ಕೆ ಕಾರ್ಯದರ್ಶಿಗಳು, ಬಲಕ್ಕೆ ನಾನು. ಇಪ್ಪತ್ತನಾಲ್ಕು ಮಕ್ಕಳು ಕೆಂಪು ಟೋಪಿ ಹಾಕಿಕೊಂಡು ಬಂದವು. ಹಾಡು ಶುರುವಾಯಿತು. ಸಿಸ್ಟರ್ ಮುಗುಳ್ನಕ್ಕರು. ಎರಡನೇ ಸಾಲಿಗೆ ಆ ಮುಗುಳ್ನಗೆ ತುಕ್ಕು ಹಿಡಿದ ಗೇಟಿನಂತೆ ಅರ್ಧಕ್ಕೆ ನಿಂತಿತು. ಮೂರನೇ ಸಾಲಿಗೆ ಕೊಂಬು ಮೊಳಗಿತು. ಮಕ್ಕಳು ಭಕ್ತಿಯಿಂದ ಹಿಂದಕ್ಕೆ ತಿರುಗಿ, ತಾತನ ವೇಷದ ಹುಡುಗನ ಹಿಂಬದಿಗೆ ಆರತಿ ಎತ್ತಿದರು. ಗಾಳಿ ಬರುವ ದಿಕ್ಕಿಗೆ ಆರತಿ ಎಂಬುದು ನನ್ನದೇ ಸಲಹೆ. ಸಿಸ್ಟರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

ಗುಬ್ಬಿ ನಾಟಕದ ಊರು. ಇಲ್ಲಿಯ ಜನಕ್ಕೆ ಕೊಂಬು ಊದಿದ್ದು ಹಿಡಿಸಿದರೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಹಾಡು ಮುಗಿದದ್ದೇ ತಡ, ಹಿಂದಿನ ಸಾಲಿನಿಂದ ಒಬ್ಬರು "ಒನ್ಸ್ ಮೋರ್" ಎಂದರು. ಇಡೀ ಅಂಗಳ ಒನ್ಸ್ ಮೋರ್ ಎಂದಿತು. ಕಾರ್ಯದರ್ಶಿಗಳು ಎದ್ದು ನಿಂತು ಕೈ ಎತ್ತಿ ಅಪ್ಪಣೆ ಕೊಟ್ಟರು. ಎರಡನೆಯ ಸಲ ಬೆಳ್ಳಾವಿಯ ಹಿರಿಯರು ಉಬ್ಬಿಹೋಗಿ ಇಲ್ಲದ ಕಡೆಯೂ ಊದಿದರು.

ಹೊರಡುವಾಗ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ಮಕ್ಕಳ ಉಚ್ಚಾರಣೆ ತುಂಬಾ ಸ್ಪಷ್ಟ ಸಾರ್. ಒಂದು ಮಾತೂ ತಪ್ಪಲಿಲ್ಲ. ಅದೇ ಕಷ್ಟ ಆಯ್ತು" ಎಂದರು. ಆಮೇಲೆ ಈ ಹಾಡು ಯಾರದು ಎಂದು ಕೇಳಿದರು. ಏನೋ ಎಡವಟ್ಟಾಗಿದೆ ಎಂದು ನನ್ನ ಹೊಟ್ಟೆಗೆ ತಿಳಿಯಿತು. ತಲೆಗೆ ಇನ್ನೂ ತಿಳಿದಿರಲಿಲ್ಲ. ನನ್ನ ನಾಲಗೆ ಎರಡನ್ನೂ ಕೇಳದೆ ತಾನೇ ಉತ್ತರ ಕೊಟ್ಟುಬಿಟ್ಟಿತು: "ಕಲಿಸಿದ್ದು ನಸೀಮಾ ಮಿಸ್."

ಮಾತು ಸತ್ಯವೇ. ನ್ಯಾಯಾಲಯದಲ್ಲೂ ನಿಲ್ಲುತ್ತದೆ.

ಮಾರನೆಯ ದಿನ ಭಾನುವಾರ. ಬೆಳಗ್ಗೆಯೇ ಪ್ಯಾರುವಿನ ಅಂಗಡಿಗೆ ಹೋಗಿ ಗದರಿದೆ. ಅವನು ಸಿ.ಡಿ. ತೆಗೆದು ಆ ಚೌಕ ಮುದ್ರೆಯ ಮೇಲೆ ಬೆರಳಿಟ್ಟ. "ಓದಿ ಮೇಷ್ಟ್ರೇ. ದೊಡ್ಡೋರು ಮಾತ್ರ ಕೇಳ್ಬೇಕು, ಮಕ್ಕಳಿಗೆ ಕೇಳಿಸ್ಬೇಡಿ ಅಂತ ಐತೆ. ನೀವು ಅದನ್ನೇ ನೋಡಿ ನೋಡಿ ಆರಿಸ್ಕೊಂಡ್ರಿ. ದೊಡ್ಡೋರು ಏನೋ ಮನೇಲಿ ಕೇಳ್ತಾರೆ ಅಂತ ನಾನು ಸುಮ್ಕಾದೆ" ಎಂದ. ಆಮೇಲೆ ಕರುಣೆಯಿಂದ ಸ್ಟೂಲು ಹಾಕಿ, ಅದೇ ಕಾರ್ಟೂನಿನ ವಿಶೇಷದ ವಿ.ಸಿ.ಡಿ.ಯನ್ನು ಟಿವಿಗೆ ಹಚ್ಚಿದ. ಇಪ್ಪತ್ತು ನಿಮಿಷ ನೋಡಿದೆ. ಕುಲವಧುಗಳು ಓದುವ ಕಡೆ ಎಲ್ಲವನ್ನೂ ಬರೆಯಲಾರೆ. ಸ್ಥೂಲವಾಗಿ ಹೇಳುತ್ತೇನೆ. ಜಿಂಕೆಗಳು ಮುಷ್ಕರ ಹೂಡುತ್ತವೆ. ಆಗ ತಾತನನ್ನು ಅವು ಬೈಯುವ ಬೈಗುಳದ ಮುಂದೆ ನಮ್ಮ ಗೋಲಿಯಾಟದ ಬೀದಿ ಶುದ್ಧ ಪಾಠಶಾಲೆ. ತಾತ ಮೂರು ಹಂಡೆ ಬೇಯಿಸಿದ ಬೀನ್ಸ್ ತಿನ್ನುತ್ತಾನೆ. ಗಾಡಿ ಏರುತ್ತಾನೆ. ಆಮೇಲೆ ತನ್ನ ಸ್ವಂತ ವಾಯುಬಲದಿಂದ ಊರೂರಿನ ಮೇಲೆ ಹಾರುತ್ತಾನೆ. ಹಿಂದಿನಿಂದ ಬರುವ ಪ್ರತಿಯೊಂದು ಸದ್ದಿಗೂ ದುಂಡು ಮುಖದ ಮಕ್ಕಳು ಕೈತಟ್ಟಿ ಅದರ ಹೆಸರು ಹಿಡಿದು ಹಾಡುತ್ತವೆ. ನಮ್ಮ ಮಕ್ಕಳು ಹಾಡಿದ್ದೂ ಅದೇ. ಕೊಂಬು ಊದಿಸಿದ್ದೂ ಅಲ್ಲೇ.

ನನ್ನ ನಲವತ್ತೆಂಟು ವರ್ಷದ ಇಂಗ್ಲಿಷ್, ದೇವರ ಗೂಡಿನಿಂದ ಬಿದ್ದು ಅಂಗಡಿಯ ನೆಲದ ಮೇಲೆ ಚೂರಾಗಿತ್ತು. ಅದಕ್ಕಿಂತ ದೊಡ್ಡ ಆಘಾತ ಬಸ್ಸಿನಲ್ಲಿ ಬಂತು. ಸೋಮವಾರ ಗುಬ್ಬಿಯಲ್ಲಿ ಇಳಿಯುವಾಗ ಪಕ್ಕದಲ್ಲಿ ಚೇಳೂರಿನ ಬಸ್ಸು ನಿಂತಿತ್ತು. ಒಳಗೆ ನಮ್ಮ ಶಾಲೆಯ ಐದಾರು ಮಕ್ಕಳು ಹಾಡುತ್ತಿದ್ದವು. ಕಂಡಕ್ಟರು ಟಿಕೆಟ್ಟಿನ ಕಟ್ಟಿನಿಂದ ತಾಳ ಹಾಕುತ್ತ ಕೊಂಬಿನ ಭಾಗವನ್ನು ತಾನೇ ವಹಿಸಿಕೊಂಡಿದ್ದ.

ಶಾಲೆಗೆ ಹೋದರೆ ಕಾರ್ಯದರ್ಶಿಗಳ ಕೋಣೆಯಿಂದ ಕರೆ. ಸಿಸ್ಟರ್ ಫೋನ್ ಮಾಡಿದ್ದರಂತೆ. ಹಾಡು ಬಹಳ ಅಸಹ್ಯದ್ದು, ಅರ್ಥ ತಿಳಿದವರನ್ನು ಕೇಳಿ ಎಂದಷ್ಟೇ ಹೇಳಿದರಂತೆ. ಆಡಳಿತ ಮಂಡಳಿಯ ಇಬ್ಬರು ಹಿರಿಯರು ವಿಭೂತಿ ಧರಿಸಿ ಗೋಡೆಗೆ ಆನಿಕೊಂಡು ಕೂತಿದ್ದರು. ನಸೀಮಾ ಮಿಸ್ ಬಾಗಿಲ ಬಳಿ ನಿಂತಿದ್ದರು. ಕುಣಿಗಲ್ಲಿಗೆ ಹೋಗುವವರಂತೆ ಬ್ಯಾಗು ಕೈಯಲ್ಲೇ ಇತ್ತು.

"ಪಂಡಿತ್ರೇ, ಈ ಯಮ್ಮಂಗೆ ಒಂದು ರಿಲೀವ್ ಆರ್ಡರ್ ಬರೀರಿ. ಮರ್ಯಾದಸ್ಥರ ಮುಂದೆ ಮಾನ ಹೋಯ್ತು" ಎಂದರು ಶಿವಲಿಂಗಪ್ಪನವರು.

ಹಾಳೆ ತೆಗೆದುಕೊಂಡೆ. "ಈ ಮೂಲಕ ತಿಳಿಸುವುದೇನೆಂದರೆ" ಎಂದು ಬರೆದೆ. ನನ್ನ ಬದುಕಿನಲ್ಲಿ ಆ ಮೂರು ಪದದ ನಂತರ ನಾಲ್ಕನೆಯದಕ್ಕೆ ಪೆನ್ನು ತಡೆದದ್ದೇ ಇಲ್ಲ. ಆವತ್ತು ತಡೆಯಿತು. ನಸೀಮಾ ಮಿಸ್ ನನ್ನ ಕಡೆ ನೋಡುತ್ತಿರಲಿಲ್ಲ, ಹಾಳೆಯ ಕಡೆ ನೋಡುತ್ತಿದ್ದರು. ಬೈಯುವ ಮುಖವಾಗಿದ್ದರೆ ಬರೆದು ಮುಗಿಸುತ್ತಿದ್ದೆನೇನೋ. ಅದು ಬಸ್ಸಿನ ಬೋರ್ಡು ಓದುವವರ ಮುಖ.

"ಕ್ಯಾಸೆಟ್ಟು ತಂದೋನು ನಾನು ಸಾರ್" ಎಂದೆ. "ಕಥೆ ಹೇಳಿದ್ದೂ ನಾನೇ. ನನಗೆ ಅರ್ಥ ಗೊತ್ತಿರಲಿಲ್ಲ. ಗೊತ್ತು ಅಂದೆ."

ಗೋಡೆಗೆ ಆನಿದ ಹಿರಿಯರೊಬ್ಬರು, ಅದಿರಲಿ, ಅದರಲ್ಲಿ ಅಂಥದ್ದೇನಿದೆ ಅದನ್ನಾದರೂ ಹೇಳಿ ಎಂದರು. ಹೇಳದೆ ಗತಿಯಿರಲಿಲ್ಲ. ಎದ್ದು ನಿಂತು, ಕೈಕಟ್ಟಿ, ನನಗೆ ಬರುವ ಅತ್ಯಂತ ಮಡಿಯಾದ ಕನ್ನಡದಲ್ಲಿ ಅನುವಾದಿಸಿದೆ: ಮೃಗಗಳು ಸೇವೆಯನ್ನು ನಿರಾಕರಿಸಲಾಗಿ, ಆ ವೃದ್ಧನು ದ್ವಿದಳ ಧಾನ್ಯವನ್ನು ಯಥೇಚ್ಛವಾಗಿ ಸೇವಿಸಿ, ತಜ್ಜನ್ಯವಾದ ಅಪಾನವಾಯುವಿನ ಬಲದಿಂದ ಗಗನಗಾಮಿಯಾದನು, ಬಾಲಕರು ಆ ಧ್ವನಿಯನ್ನು ಕೊಂಡಾಡಿದರು.

ಕಾರ್ಯದರ್ಶಿಗಳ ವಿಭೂತಿಯ ಮೂರು ಗೆರೆಗಳು ಮೇಲೇರಿ ಕೂದಲಿಗೆ ತಾಗಿದವು. ಅರ್ಥ ಕೇಳಿದ್ದ ಹಿರಿಯರೇ ಮತ್ತೆ ಕೇಳಿದರು: "ದ್ವಿದಳ ಧಾನ್ಯ ಅಂದ್ರೆ, ನಮ್ಮ ಅವರೇಕಾಳು ಇದ್ದಂಗೋ?"

"ಆ ಜಾತೀದೇ ಸ್ವಾಮಿ."

"ಹಂಗಾದ್ರೆ ಸುಳ್ಳೇನಲ್ಲ" ಎಂದರು ಇನ್ನೊಬ್ಬ ಹಿರಿಯರು. ಅವರೇಕಾಯಿಯ ಕಾಲ ಅದು. ಮೂರು ಮನೆಯಲ್ಲೂ ಹಿಂದಿನ ದಿನ ಅದೇ ಸಾರು ಆಗಿರಬೇಕು. ಯಾರೂ ನಗಲಿಲ್ಲ. ನಗದೆ ಇರಲು ಮೂವರೂ ಪಟ್ಟ ಶ್ರಮ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಕಾರ್ಯದರ್ಶಿಗಳು ಮಾತ್ರ ನಸೀಮಾ ಮಿಸ್ ಕಡೆ ತಿರುಗಿದರು. "ನಿಮಗೂ ಗೊತ್ತಿರ್ಲಿಲ್ವೇನಮ್ಮ?"

ನಸೀಮಾ ಮಿಸ್ ಬ್ಯಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಗೊತ್ತಿತ್ತು ಸಾರ್. ಸ್ಕೂಲ್ ಡೇಗೆ ಮೂರು ದಿನ ಮುಂಚೆ ಲೈಬ್ರರಿಗೆ ಹೋಗಿ ದೊಡ್ಡ ಡಿಕ್ಷನರೀಲಿ ನೋಡ್ದೆ. ಹಾಡು ಬೇಡ ಅಂತ ಪಂಡಿತರ ಹತ್ರ ಬಂದೆ."

ಇದು ಮೂರು ದಿನಗಳಲ್ಲಿ ನನಗಾದ ಅತಿ ದೊಡ್ಡ ಆಘಾತ. ತಾತ ಹಾರಿದ್ದು ಇದರ ಮುಂದೆ ಏನೂ ಅಲ್ಲ. ನಾನು ಧೈರ್ಯದ ಬಗ್ಗೆ ಉಪನ್ಯಾಸ ಕೊಡುತ್ತಿದ್ದಾಗ ಎದುರಿಗೆ ನಿಂತು ಸೆರಗಿನ ಅಂಚು ತಿರುಚುತ್ತಿದ್ದವರಿಗೆ, ನಾನು ಯಾವ ಗಾಳಿಗೆ ಆರತಿ ಎತ್ತಿಸುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು.

"ಬಿಡಿಸಿ ಹೇಳಬೇಕಿತ್ತು" ಎಂದರು ಕಾರ್ಯದರ್ಶಿಗಳು.

"ಪಂಡಿತರು ನಿಮ್ಮ ಮುಂದೇನೆ ಅರ್ಥ ಹೇಳಿದ್ರಲ್ಲ ಸಾರ್. ನೀವು ಕಣ್ಣು ಒರೆಸ್ಕೊಂಡ್ರಿ. ಅದರ ಮೇಲೆ ನಾನು ಬಂದು ಅದು ಅದಲ್ಲ, ಇದು ಅನ್ನೋದು ಹೆಂಗೆ?"

ಶಿವಲಿಂಗಪ್ಪನವರು ವ್ಯಾಪಾರಸ್ಥರು. ಪುಸ್ತಕದಲ್ಲಿ ಕಲಿಯದ್ದನ್ನು ಕೊಬ್ಬರಿಯಲ್ಲಿ ಕಲಿತವರು. ಮೇಜಿನ ಗಾಜನ್ನು ಉಗುರಿನಿಂದ ತಟ್ಟಿದರು. ಆಮೇಲೆ ಹೇಳಿದರು:

"ಮಂಡೀಲಿ ಕೊಬ್ಬರಿ ಕೌಟು ವಾಸನೆ ಹಿಡಿದೈತೆ ಅಂತ ಬಾಯಿಬಿಟ್ಟು ಹೇಳೋ ಆಳು ಒಬ್ಬ ಇರ್ಬೇಕು. ಇಲ್ಲಾಂದ್ರೆ ಲೋಡಿಗೆ ಲೋಡೇ ವಾಪಸ್ ಬರ್ತದೆ. ವರ್ಷ ವರ್ಷ ಬಿಡಿಸೋ ಆಳು ಹೇಳಲ್ಲ, ಅವನಿಗ್ಯಾಕೆ ಬೇಕು. ಪಂಡಿತ್ರೇ, ಅದೇ ಹಾಳೇಲಿ ಬರೀರಿ. ಪರ್ಮನೆಂಟ್ ಅಂತ."

ಈ ಮೂಲಕ ತಿಳಿಸುವುದೇನೆಂದರೆ ಎಂಬುದು ಎಷ್ಟು ಉದಾರವಾದ ಮಾತು ನೋಡಿ, ಅದರ ಮುಂದೆ ಏನನ್ನು ಬೇಕಾದರೂ ಬರೆಯಬಹುದು. ಈ ಸಲ ಪೆನ್ನು ನಿಲ್ಲಲಿಲ್ಲ. ಅವರ ಶ್ರದ್ಧೆ, ನಿಷ್ಠೆ, ಇಷ್ಟು ವರ್ಷಗಳ ಸೇವೆ ಎಂದೆಲ್ಲ ಒಂದೂವರೆ ಪುಟ ತುಂಬಿಸಿದೆ. ಅಪರಾಧಿಯ ಗದ್ಯಕ್ಕೆ ಒಂದು ಓಘವಿರುತ್ತದೆ. ಸಾಂಸ್ಕೃತಿಕ ಸಮಿತಿಯಿಂದ ನನ್ನನ್ನು ಬಿಡಿಸಿದ್ದಾರೆ ಎಂಬ ಇನ್ನೊಂದು ಪತ್ರವನ್ನೂ ನಾನೇ ಬರೆದೆ. ಅದು ನಾಲ್ಕೇ ಸಾಲು. ಸಿಸ್ಟರಿಗೆ ಕ್ಷಮಾಪಣೆಯ ಪತ್ರ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ಅದನ್ನು ಕನ್ನಡದಲ್ಲೇ ಬರೆಯಬೇಕೆಂದು ಕಾರ್ಯದರ್ಶಿಗಳು ಕಟ್ಟಪ್ಪಣೆ ಮಾಡಿದರು.

ಆರ್ಡರನ್ನು ನಸೀಮಾ ಮಿಸ್ ಕೈಗೆ ಕೊಟ್ಟು, ಓದಿ ನೋಡಿ ಎಂದೆ. ನಿಧಾನವಾಗಿ ಓದಿದರು. ಒಂದು ಕಡೆ ಕಣ್ಣು ನಿಂತಿತು, ಮತ್ತೆ ಮುಂದಕ್ಕೆ ಹೋಯಿತು. ಏನೂ ಹೇಳದೆ ಹಾಳೆಯನ್ನು ಕಾರ್ಯದರ್ಶಿಗಳ ಮುಂದಿಟ್ಟರು. ಅವರು ಸಹಿ ಮಾಡಿದರು. ಹಿರಿಯರಿಬ್ಬರೂ ಸಾಕ್ಷಿ ಹಾಕಿದರು. ಶಾಲೆಯ ಸೀಲು ಬಿತ್ತು. ನಸೀಮಾ ಮಿಸ್ ಹಾಳೆ ಎತ್ತಿಕೊಂಡು, ಶಾಯಿ ಆರುವವರೆಗೂ ಮೆಲ್ಲಗೆ ಊದಿದರು.

"ಪಂಡಿತರೇ, ನಾನು ಸೇರಿ ನಾಲ್ಕು ವರ್ಷ ಆಯ್ತು. ನೀವು ಮೂರು ಅಂತ ಬರೆದಿದೀರ."

"ಸಹಿ ಹಾಕೋಕೆ ಮುಂಚೆ ಹೇಳಬಾರದಿತ್ತೇನಮ್ಮ?" ಎಂದರು ಕಾರ್ಯದರ್ಶಿಗಳು.

"ಆಗಿನ್ನೂ ಟೆಂಪರರಿ ಇದ್ದೆ ಸಾರ್" ಎಂದರು ನಸೀಮಾ ಮಿಸ್.

ನಾನು ಹೊಸ ಹಾಳೆ ತೆಗೆದುಕೊಂಡೆ.